ತಂತಿ ಮುಟ್ಟದಿದ್ದರೂ ಕೂಗುವ ಪೆಡಲ್

ಪ್ರಶ್ನೆ: ನನ್ನ ಬಳಿ ಎರಡು ಗುಂಡಿಗಳ ಹಳೆ ಮಾದರಿಯ ಫಝ್ ಪೆಡಲ್ ಇದೆ. ಕೆಲವು ಗಿಟಾರ್ ವಾದಕರ ರೆಕಾರ್ಡಿಂಗುಗಳಲ್ಲಿ ತಂತಿ ನುಡಿಸದಿದ್ದಾಗಲೂ ಪೆಡಲ್ ತಾನಾಗಿಯೇ ಸಿಳ್ಳೆ ಹಾಕುತ್ತದೆ, ಗೊರಕೆ ಹೊಡೆಯುತ್ತದೆ, ಸೈರನ್ನಿನಂತೆ ಏರಿಳಿಯುತ್ತದೆ. ಇದು ಹೇಗೆ ಸಾಧ್ಯ? ನನ್ನ ಪೆಡಲಿನಿಂದಲೂ ಇಂಥ ಸದ್ದು ಹೊರಡಿಸಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ಹೊರಡಿಸಬಹುದು. ಹೊಸ ಪೆಡಲ್ ಕೊಳ್ಳುವುದೂ ಬೇಕಿಲ್ಲ.

ಆಂಪ್ಲಿಫೈಯರಿನ ಎದುರು ಗಿಟಾರ್ ಹಿಡಿದು ನಿಂತಾಗ ಕೇಳುವ ಊಳು ಬೇರೆ, ನೀವು ಕೇಳುತ್ತಿರುವುದು ಬೇರೆ. ಮೊದಲನೆಯದರಲ್ಲಿ ಸ್ಪೀಕರಿನ ಸದ್ದು ತಂತಿಯನ್ನು ಅಲುಗಿಸುತ್ತದೆ, ತಂತಿಯ ಅಲುಗಾಟವನ್ನು ಪಿಕಪ್ ಹಿಡಿದು ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ಮದುವೆ ಮಂಟಪದ ಮೈಕು ಕಿರುಚುವುದೂ ಇದೇ ಕಾರಣಕ್ಕೆ. ಎರಡನೆಯದಕ್ಕೆ ಗಾಳಿಯೂ ಬೇಡ, ತಂತಿಯೂ ಬೇಡ. ಪೆಡಲಿನ ಸರ್ಕ್ಯೂಟಿನೊಳಗೇ ವಿದ್ಯುತ್ತು ಸುತ್ತು ಹೊಡೆಯುತ್ತಿರುತ್ತದೆ. ಯಾವುದು ಯಾವುದೆಂದು ತಿಳಿಯಲು ಅಂಗೈಯಿಂದ ಆರೂ ತಂತಿಗಳನ್ನು ಒತ್ತಿಹಿಡಿದು ಹೆಡ್‌ಫೋನಿನಲ್ಲಿ ಕೇಳಿ. ಆಗಲೂ ಸಿಳ್ಳೆ ನಿಲ್ಲದಿದ್ದರೆ ಅದು ಸ್ವಯಂ ಆಂದೋಲನ.

ಯಾವುದೇ ಆಂಪ್ಲಿಫೈಯರಿನ ಔಟ್‌ಪುಟ್‌ನಿಂದ ಸ್ವಲ್ಪ ಸಿಗ್ನಲ್ಲನ್ನು ಇನ್‌ಪುಟ್‌ಗೆ ಮರಳಿಸಿದಾಗ ಎರಡು ಷರತ್ತುಗಳು ಕೂಡಿಬಂದರೆ ಅದು ಆಂದೋಲಕವಾಗುತ್ತದೆ. ಒಂದು ಸುತ್ತು ಮುಗಿಸಿ ಬಂದ ಸಿಗ್ನಲ್ ಹೊರಟಾಗಿನಷ್ಟೇ ಅಥವಾ ಅದಕ್ಕಿಂತ ದೊಡ್ಡದಾಗಿರಬೇಕು. ಹೊರಟಾಗಿನ ಏರಿಳಿತದ ಜೊತೆಗೇ ಹೆಜ್ಜೆ ಹಾಕುತ್ತ ಬರಬೇಕು. ಇದನ್ನು ಸೂತ್ರವಾಗಿಸಿದವನು ಜರ್ಮನಿಯ ಹೈನ್ರಿಚ್ ಬಾರ್ಕ್‌ಹೌಸನ್. ಅದಕ್ಕೂ ಮೊದಲೇ, 1912ರಲ್ಲಿ, ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ರೇಡಿಯೋ ವಾಲ್ವಿನ ಔಟ್‌ಪುಟ್ಟನ್ನು ಇನ್‌ಪುಟ್‌ಗೆ ಮರಳಿಸಿ ದೂರದ ಕೇಂದ್ರಗಳನ್ನು ಜೋರಾಗಿ ಕೇಳುವ ದಾರಿ ಕಂಡುಕೊಂಡಿದ್ದ. ಗುಂಡಿಯನ್ನು ಸ್ವಲ್ಪ ಹೆಚ್ಚು ತಿರುಗಿಸಿದರೆ ಅಂಥ ರೇಡಿಯೋ ಕಿರುಚುತ್ತಿತ್ತು, ಅಕ್ಕಪಕ್ಕದ ಮನೆಗಳ ರೇಡಿಯೋಗಳಲ್ಲೂ ಸಿಳ್ಳೆ ಎಬ್ಬಿಸುತ್ತಿತ್ತು. ನಿಮ್ಮ ಪೆಡಲಿನ ಕೂಗಿಗೂ ಆ ಕಿರುಚಾಟಕ್ಕೂ ಮೂಲ ಒಂದೇ.

ಫಝ್ ಪೆಡಲಿನಲ್ಲಿ ಮೊದಲ ಷರತ್ತಿಗೆ ಬರವಿಲ್ಲ. ಗಿಟಾರಿನ ಸಣ್ಣ ಸಿಗ್ನಲ್ಲನ್ನು ಅದರ ತಲೆ ಬುಡ ಚಪ್ಪಟೆಯಾಗುವ ತನಕ ಹಿಗ್ಗಿಸುವುದೇ ಅದರ ಕೆಲಸ. ಎರಡನೆಯ ಷರತ್ತನ್ನು ಟ್ರಾನ್ಸಿಸ್ಟರ್‌ಗಳ ಲೆಕ್ಕ ನಿರ್ಧರಿಸುತ್ತದೆ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಹೊರತಂದ ದುಂಡನೆಯ ಫಝ್ ಫೇಸ್ ಪೆಡಲಿನಲ್ಲಿರುವುದು ಎರಡೇ ಟ್ರಾನ್ಸಿಸ್ಟರ್. ನಿಮ್ಮದೂ ಬಹುಶಃ ಅದೇ ವಂಶದ್ದು. ಅದರಲ್ಲಿ ಪ್ರತಿ ಟ್ರಾನ್ಸಿಸ್ಟರ್ ಹಂತವೂ ಸಿಗ್ನಲ್ಲನ್ನು ತಲೆಕೆಳಗು ಮಾಡುತ್ತದೆ. ಎರಡು ಸಲ ತಲೆಕೆಳಗಾದದ್ದು ಮೊದಲಿನಂತೆಯೇ ನಿಲ್ಲುತ್ತದಾದ್ದರಿಂದ, ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ದಾರಿ ಮಾಡಿಕೊಟ್ಟರೆ ಸಾಕು, ಅದು ಕೂಗಲು ಸಿದ್ಧ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಇದು ಪ್ರಯೋಗಾಲಯದ ಮಲ್ಟಿವೈಬ್ರೇಟರನ್ನು ನೆನಪಿಸೀತು. ಎರಡೂ ಹತ್ತಿರದ ನೆಂಟರೇ. ನಾಲ್ಕು ಟ್ರಾನ್ಸಿಸ್ಟರುಗಳ ಬಿಗ್ ಮಫ್ ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ಒಂದೇ ಟ್ರಾನ್ಸಿಸ್ಟರಿನ ಪೆಡಲಿಗೆ ಹೀಗೆ ಮಾಡಿದರೆ ಮರಳಿ ಬಂದ ಸಿಗ್ನಲ್ ಮೂಲವನ್ನೇ ಕಡಿದುಹಾಕಿ ಸದ್ದು ಕುಗ್ಗುತ್ತದೆ.

ಈಗ ಕೈಕೆಲಸ. ಪೆಡಲಿನ ಔಟ್‌ಪುಟ್ ತಂತಿಯಿಂದ 0.1 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್, ಅದಕ್ಕೆ ಸರಣಿಯಾಗಿ 500 ಕಿಲೋಓಮ್‌ನ ಒಂದು ಪೊಟೆನ್ಷಿಯೋಮೀಟರ್, ಕೊನೆಗೆ ಒತ್ತಿದಾಗ ಮಾತ್ರ ಕೂಡಿಕೊಳ್ಳುವ ಒಂದು ಸ್ವಿಚ್, ಅಲ್ಲಿಂದ ಇನ್‌ಪುಟ್‌ಗೆ. ಇಷ್ಟೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ನಿಮ್ಮೂರಿನ ರೇಡಿಯೋ ಬಿಡಿಭಾಗಗಳ ಅಂಗಡಿಯಲ್ಲಾಗಲಿ ಸಿಗುವ ಸಾಮಾನು. ಪೆಡಲ್ ಬಿಚ್ಚಲು ಮನಸ್ಸಿಲ್ಲದಿದ್ದರೆ ಇದನ್ನೇ ನಾಲ್ಕು ಜ್ಯಾಕುಗಳ ಸಣ್ಣ ಡಬ್ಬಿಯಲ್ಲಿ ಕಟ್ಟಿ, ಪೆಡಲನ್ನು ಕೇಬಲ್ಲಿನಲ್ಲಿ ಅದಕ್ಕೆ ಸಿಕ್ಕಿಸಬಹುದು.

ಪೊಟೆನ್ಷಿಯೋಮೀಟರನ್ನು ಪೂರ್ತಿ ಪ್ರತಿರೋಧದಲ್ಲಿಟ್ಟು ಸ್ವಿಚ್ ಒತ್ತಿದರೆ ಬಹುಶಃ ಏನೂ ಆಗದು. ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬನ್ನಿ. ಒಂದು ಹಂತದಲ್ಲಿ ಸದ್ದು ಹುಟ್ಟಿಕೊಳ್ಳುತ್ತದೆ. ಇನ್ನೂ ಇಳಿಸಿದಂತೆ ಕೆಪಾಸಿಟರ್ ಬೇಗ ಬೇಗ ತುಂಬಿ ಖಾಲಿಯಾಗುವುದರಿಂದ ಶ್ರುತಿ ಏರುತ್ತದೆ. ಕೆಪಾಸಿಟರನ್ನು ದೊಡ್ಡದು ಮಾಡಿದರೆ ಶ್ರುತಿ ಕೆಳಗಿಳಿಯುತ್ತದೆ. ಸದ್ದು ಮಿತಿಮೀರಿ ಬೆಳೆಯದಿರಲು ಕಾರಣ ಬ್ಯಾಟರಿ: 9 ವೋಲ್ಟಿನ ಗೋಡೆಗೆ ತಾಗಿದ ಕೂಡಲೇ ಅಲೆಯ ತುದಿ ಚಪ್ಪಟೆಯಾಗುತ್ತದೆ. ಅದಕ್ಕೇ ಈ ಕೂಗು ಕೊಳಲಿನಷ್ಟು ಶುದ್ಧವಾಗಿರದೆ ಒರಟಾಗಿ, ಸ್ವರಾಂಶಗಳಿಂದ ಕಿಕ್ಕಿರಿದಿರುತ್ತದೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗಿಟಾರಿನ ಮೈಮೇಲಿರುವ ವಾಲ್ಯೂಮ್ ಗುಂಡಿ. ಗಿಟಾರಿನ ಪಿಕಪ್ ಒಂದು ತಂತಿಸುರುಳಿ ತಾನೇ? ಪೆಡಲಿಗೆ ಸಿಕ್ಕಿಸಿದ ಕ್ಷಣದಿಂದ ಅದೂ ಆಂದೋಲಕದ ಒಂದು ಅಂಗ. ವಾಲ್ಯೂಮನ್ನು ಕೂದಲೆಳೆಯಷ್ಟು ಇಳಿಸಿದರೂ ಸಿಳ್ಳೆಯ ಶ್ರುತಿ ಜಾರುತ್ತದೆ. ಪೂರ್ತಿ ಇಳಿಸಿದರೆ ಇನ್‌ಪುಟ್ ನೇರವಾಗಿ ಅರ್ತ್‌ಗೆ ಕೂಡಿಕೊಂಡು ಕೂಗು ನಿಂತೇಹೋಗುತ್ತದೆ. ಕಿರುಬೆರಳನ್ನು ಆ ಗುಂಡಿಗೆ ಆನಿಸಿ ಸಿಳ್ಳೆಯನ್ನು ಸ್ವರದಿಂದ ಸ್ವರಕ್ಕೆ ಎಳೆಯುವುದನ್ನು ರೂಢಿಸಿಕೊಳ್ಳಿ. ತಂತಿಯನ್ನು ಜೋರಾಗಿ ಮೀಟಿ ನೋಡಿ: ಗಿಟಾರಿನ ಸಿಗ್ನಲ್ ಟ್ರಾನ್ಸಿಸ್ಟರುಗಳನ್ನು ಪೂರ್ತಿ ಆವರಿಸಿಕೊಂಡು, ಆಂದೋಲನಕ್ಕೆ ಬೇಕಾದ ಶಕ್ತಿ ಉಳಿಯದೆ ಸಿಳ್ಳೆ ಅಡಗುತ್ತದೆ. ಸ್ವರ ಕ್ಷೀಣಿಸುತ್ತ ಬಂದಂತೆ ಅದು ಮೊದಲು ಗುರುಗುಟ್ಟಿ, ಸ್ವರದೊಡನೆ ಜಗಳವಾಡಿ, ಮತ್ತೆ ಮೇಲೇಳುತ್ತದೆ. ಆ ಎರಡು ಮೂರು ಸೆಕೆಂಡಿನ ಹಗ್ಗಜಗ್ಗಾಟಕ್ಕಾಗಿಯೇ ಈ ಪೆಡಲ್ ನುಡಿಸುವವರಿದ್ದಾರೆ.

ಈ ಗುಣವನ್ನೇ ಮುಂದಿಟ್ಟು ಮಾರುಕಟ್ಟೆಗೆ ಬಂದದ್ದು ಅಮೆರಿಕದ ಮಿನಿಯಾಪೊಲಿಸ್‌ನ ಜಕರಿ ವೆಕ್ಸ್ 1995ರ ಹೊತ್ತಿಗೆ ರೂಪಿಸಿದ ಫಝ್ ಫ್ಯಾಕ್ಟರಿ. ಅದಕ್ಕೆ ಐದು ಗುಂಡಿ. ‘ಸ್ಟ್ಯಾಬ್’ ಎಂಬ ಗುಂಡಿ ಸರ್ಕ್ಯೂಟಿಗೆ ಹೋಗುವ ವೋಲ್ಟೇಜನ್ನೇ ತಗ್ಗಿಸುತ್ತದೆ, ಅದರೊಂದಿಗೆ ಸಿಳ್ಳೆಯ ಶ್ರುತಿಯೂ ಬದಲಾಗುತ್ತದೆ. ಮ್ಯೂಸ್ ತಂಡದ ಮ್ಯಾಟ್ ಬೆಲ್ಲಾಮಿ ಈ ಸರ್ಕ್ಯೂಟನ್ನು ತನ್ನ ಗಿಟಾರಿನ ಒಳಗೇ ಕೂರಿಸಿಕೊಂಡ. 2001ರ ‘ಪ್ಲಗ್ ಇನ್ ಬೇಬಿ’ ಹಾಡಿನ ಆರಂಭದ ಕಿರುಚಾಟ ಕೇಳಿ, ಅರ್ಥವಾಗುತ್ತದೆ. ನಿಮ್ಮ ಪೆಡಲಿಗೂ ಬ್ಯಾಟರಿಯ ದಾರಿಯಲ್ಲಿ 5 ಕಿಲೋಓಮ್‌ನ ಪೊಟೆನ್ಷಿಯೋಮೀಟರ್ ಸೇರಿಸಿದರೆ ವೋಲ್ಟೇಜ್ ಸಾಲದೆ ಹೊರಡುವ ಈ ಹಸಿವಿನ ಸದ್ದು ಸ್ವಲ್ಪಮಟ್ಟಿಗೆ ದಕ್ಕುತ್ತದೆ. ಮುಗಿಯುತ್ತ ಬಂದ ಸಾದಾ ಜಿಂಕ್ ಕಾರ್ಬನ್ ಬ್ಯಾಟರಿ ಕೂಡ ಹತ್ತಿರದ ಫಲ ಕೊಡುತ್ತದೆ.

ಪೆಡಲಿನಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಇದ್ದರೆ ಒಂದು ವಿಷಯ ನೆನಪಿಡಿ. ಅದರ ಸೋರಿಕೆ ವಿದ್ಯುತ್ತು ಸುಮಾರು 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದಾಗಲೆಲ್ಲ ದುಪ್ಪಟ್ಟಾಗುತ್ತದೆ. ಬೆಳಗಿನ ತಂಪಿನಲ್ಲಿ ಹೊಂದಿಸಿಟ್ಟ ಸಿಳ್ಳೆ ಏಪ್ರಿಲ್ ತಿಂಗಳ ಮಧ್ಯಾಹ್ನಕ್ಕೆ ಬೇರೆಯೇ ಸ್ವರದಲ್ಲಿರುತ್ತದೆ, ಇಲ್ಲವೇ ಬರುವುದೇ ಇಲ್ಲ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1960ರ ದಶಕದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿತು. ಅದರ ಎಸಿ 128 ಇಂದಿಗೂ ಫಝ್ ಕಟ್ಟುವವರು ಹುಡುಕುವ ಮಾಲು. ಹಳೆ ಟ್ರಾನ್ಸಿಸ್ಟರ್ ರೇಡಿಯೋ ಗುಜರಿಗೆ ಹೋಗುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಇಂಥ ಪಿಎನ್‌ಪಿ ಟ್ರಾನ್ಸಿಸ್ಟರಿನ ಫಝ್‌ಗಳಲ್ಲಿ ಹೆಚ್ಚಿನವುಗಳ ಅರ್ತ್ ಬ್ಯಾಟರಿಯ ಧನ ತುದಿಗೆ ಕೂಡಿರುತ್ತದೆ; ಬೇರೆ ಪೆಡಲುಗಳ ಅಡಾಪ್ಟರನ್ನು ಅವುಗಳೊಂದಿಗೆ ಹಂಚಿಕೊಂಡರೆ ಶಾರ್ಟ್ ಆಗುತ್ತದೆ. ಬ್ಯಾಟರಿಯೇ ಒಳ್ಳೆಯದು.

ಈ ಕೂಗಿನಿಂದ ಪೆಡಲ್ ಕೆಡುವುದಿಲ್ಲ. ಕೆಡುವುದಾದರೆ ಕಿವಿ, ಇಲ್ಲವೇ ಸ್ಪೀಕರಿನ ಟ್ವೀಟರ್. ಆಂದೋಲನ ಕಿವಿಗೆ ಕೇಳದಷ್ಟು ಎತ್ತರದ ಶ್ರುತಿಗೆ ಹೋದಾಗಲೂ ಅದರ ಶಕ್ತಿ ಟ್ವೀಟರಿಗೆ ಹರಿಯುತ್ತಲೇ ಇರುತ್ತದೆ. ಪೆಡಲಿನ ಔಟ್‌ಪುಟ್ ಗುಂಡಿ ತಗ್ಗಿಸಿದರೆ ಮರಳುವ ಸಿಗ್ನಲ್ಲೂ ತಗ್ಗುತ್ತದೆ. ಆದ್ದರಿಂದ ಆ ಗುಂಡಿಯನ್ನು ಹಾಗೇ ಬಿಟ್ಟು ಆಂಪ್ಲಿಫೈಯರಿನ ವಾಲ್ಯೂಮನ್ನು ತೀರ ಕೆಳಗಿಟ್ಟು ಶುರುಮಾಡಿ, ಹೆಡ್‌ಫೋನನ್ನು ಕಿವಿಯಿಂದ ಒಂದಂಗುಲ ದೂರ ಹಿಡಿದು ಮೊದಲ ಸಲ ಸ್ವಿಚ್ ಒತ್ತಿ.