ಬೊಕ್ಕಾಪುರದ ದಾರಿ, ಮಗಳ ಸೈಕಲ್

ಪ್ರಶ್ನೆ: ಮೇಡಂ, ನಮ್ಮದು ಬೊಕ್ಕಾಪುರಂ. ಮಗಳು ಮಸಿನಗುಡಿಯಲ್ಲಿ ಪ್ಲಸ್ ಒನ್ ಓದ್ತಾಳೆ. ಸ್ಕೂಲಲ್ಲಿ ಫ್ರೀ ಸೈಕಲ್ ಕೊಟ್ಟಿದ್ದಾರೆ, ಅದರಲ್ಲೇ ಹೋಗ್ತೀನಿ ಅಂತ ಹಟ. ಆನೆ ಓಡಾಡೋ ದಾರಿ, ಅವಳು ಬರೋವರೆಗೂ ನನಗೆ ಜೀವದಲ್ಲಿ ಜೀವ ಇರೋಲ್ಲ. ಇವರು ಸೈಕಲ್ ಮಾರಿಬಿಡೋಣ ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ

ಉತ್ತರ: ಮಾರಬೇಡಿ ತಾಯಿ. ನಿಮ್ಮ ಭಯವೂ ಸುಳ್ಳಲ್ಲ. ಊಟಿಯವರು ಸೈಕಲ್ ತುಳಿಯದಿದ್ದರೆ ಏರೇ ಕಾರಣ. ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ದಿನಾ ಯಾರು ಹತ್ತುತ್ತಾರೆ? ಘಾಟಿಯ ಕೆಳಗಿರುವ ನಿಮಗೆ ಆ ಕಷ್ಟವಿಲ್ಲ, ಮಸಿನಗುಡಿಗೆ ನಾಲ್ಕೈದು ಕಿಲೋಮೀಟರ್ ಅಷ್ಟೆ. ಆದರೆ ಮಾರಿಯಮ್ಮನ ಜಾತ್ರೆಯ ದಿನಗಳನ್ನು ಬಿಟ್ಟರೆ ಕತ್ತಲಾದ ಮೇಲೆ ಆ ದಾರಿ ನಮ್ಮದಲ್ಲ. ರೆಸಾರ್ಟು, ಬೇಲಿ ಎದ್ದು ಆನೆಗಳ ಹಾದಿಯೇ ಇಕ್ಕಟ್ಟಾಗಿದೆ. 2020ರಲ್ಲಿ ಸುಪ್ರೀಂ ಕೋರ್ಟು ಸೀಗೂರಿನ ಆನೆ ಕಾರಿಡಾರನ್ನು ಎತ್ತಿಹಿಡಿದದ್ದೂ ಇದಕ್ಕೇ.

ಸೈಕಲ್ಲಿನ ಅಪಾಯ ಅದರ ಮೌನದಲ್ಲಿದೆ. ಜೀಪಿನ ಸದ್ದು ಕೇಳಿದರೆ ಕಾಟಿಯೋ ಕರಡಿಯೋ ಮೊದಲೇ ಸರಿದೀತು. ಸೈಕಲ್ ಮಾತ್ರ ಲಂಟಾನ ಪೊದೆಯ ತಿರುವು ದಾಟಿ ನೇರ ಅದರ ಎದುರಿಗೇ ಹೋಗಿ ನಿಲ್ಲುತ್ತದೆ. ಹಾಗಾಗಿ ತಿರುವಿಗೆ ಮುಂಚೆ ಬೆಲ್ ಹೊಡೆಯಲಿ. ಆನೆ ಕಂಡ ಮೇಲೆ ಬೆಲ್ಲೂ ಬೇಡ, ಫೋಟೋನೂ ಬೇಡ. ದೂರದಲ್ಲೇ ಇಳಿದು ಹಿಂದಕ್ಕೆ ತಿರುಗಲಿ. ಡೈನಮೋ ದೀಪ ಹಾಕಿಸಿ ಧೈರ್ಯವಾಗಿರೋಣ ಅಂದುಕೊಳ್ಳಬೇಡಿ. ಆನೆ ಕಂಡು ಸೈಕಲ್ ನಿಲ್ಲಿಸಿದ ಕೂಡಲೇ ಆ ದೀಪವೂ ಆರುತ್ತದೆ!

ಗೆರೆ ಎಳೆಯಬೇಕಾದ್ದು ಹೊತ್ತಿಗೆ. ಬೆಳಿಗ್ಗೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಹೊರಡಲಿ, ಜೊತೆಗೆ ಇನ್ನೊಂದಿಬ್ಬರು ಮಕ್ಕಳಿರಲಿ. ಸ್ಪೆಷಲ್ ಕ್ಲಾಸ್ ಇದ್ದು ತಡವಾದರೆ ಸೈಕಲನ್ನು ಮಸಿನಗುಡಿಯಲ್ಲೇ ಪರಿಚಯದವರ ಮನೆಯಲ್ಲಿ ಬಿಟ್ಟು ಜೀಪಿನಲ್ಲಿ ಬರಲಿ. ಆನೆ ಇಳಿದಿದೆ ಅಂತ ಸುದ್ದಿ ಬಂದ ದಿನವೂ ಹಾಗೆಯೇ, ಅದರಲ್ಲಿ ಚೌಕಾಸಿ ಬೇಡ.

ಇನ್ನೊಂದು ಮಾತು. ನೀವು ಹಟ ಅಂತ ಬರೆದಿದ್ದೀರಿ, ಅದರ ಹಿಂದೆ ಬೇರೆ ಕಾರಣವೂ ಇರಬಹುದು. ಜೀಪು ತುಂಬುವವರೆಗೆ ಕಾಯಬೇಕು, ತುಂಬಿದ ಮೇಲೆ ಒತ್ತಿಕೊಂಡು ಕೂರಬೇಕು. ಆ ಒತ್ತಾಟದಲ್ಲಿ ಅವಳಿಗೆ ಯಾರಿಂದಾದರೂ ಕಿರಿಕಿರಿ ಆಗುತ್ತಿದೆಯೇ? ಅವರಪ್ಪ ಇಲ್ಲದ ಹೊತ್ತಿನಲ್ಲಿ, ಅಡುಗೆಮನೆಯಲ್ಲಿ ಜೊತೆಗೆ ಕೂತಾಗ ಮೆಲ್ಲಗೆ ಕೇಳಿ. ಹೌದು ಅಂದರೆ ಸಂಜೆ ಯಾವ ಜೀಪು, ಯಾರ ಪಕ್ಕ ಅನ್ನುವುದನ್ನೂ ನೀವೇ ನೋಡಬೇಕಾಗುತ್ತದೆ; ಆಗ ನನಗೆ ಇನ್ನೊಮ್ಮೆ ಬರೆಯಿರಿ.