ಮುಂದಿನ ಭಾಗ ಯಾರ ಹತ್ರ ಐತೆ? – ಸರಣಿ ಪುಸ್ತಕಗಳ ಓದು: ಒಂದು ತರಗತಿ ಅವಲೋಕನ

ಹಿನ್ನೆಲೆ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ರಾಮನಗರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೆಯ ತರಗತಿ. ಕನ್ನಡ ಪಾಠಗಳ ಜೊತೆಗೆ ವಾರಕ್ಕೊಂದು ಗ್ರಂಥಾಲಯ ಅವಧಿಯೂ ನನ್ನ ಪಾಲಿಗೆ ಬಂದಿತ್ತು. ಮಕ್ಕಳು ಕೈಗೆ ಸಿಕ್ಕ ಪುಸ್ತಕ ತೆಗೆದು, ನಾಲ್ಕು ಪುಟ ತಿರುವಿ, ಗಂಟೆ ಹೊಡೆದೊಡನೆ ಹಿಂದಿಡುತ್ತಿದ್ದರು. ಮನೆಗೆ ಒಯ್ಯುವವರು ವಿರಳ.

ಅದೇ ಕಪಾಟಿನಲ್ಲಿ ‘ಕಾಡಿನ ಕಥೆಗಳು’ ಸರಣಿಯ ನಾಲ್ಕೂ ಭಾಗಗಳು ಚದುರಿಹೋಗಿದ್ದವು. ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಪುಸ್ತಕಗಳಿವು. ಅವನ್ನು ಒಟ್ಟಿಗೆ ಮೇಜಿನ ಮೇಲೆ ಜೋಡಿಸಿದೆ.

ನಡೆದದ್ದು

ನಾಲ್ಕನೆಯ ಭಾಗದ ಹೆಸರು ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಹೆಸರು ಹೇಳಿದ್ದೇ ತಡ, ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ನಮ್ಮ ಮಾಗಡೀನಾ ಮಿಸ್?” ಕೆಲವು ಪುಟಗಳನ್ನು ಗಟ್ಟಿಯಾಗಿ ಓದಿ, ಕುತೂಹಲದ ಜಾಗದಲ್ಲಿ ನಿಲ್ಲಿಸಿದೆ. ಆ ದಿನವೇ ನಾಲ್ಕೂ ಪುಸ್ತಕಗಳು ಮನೆಗೆ ಹೋದವು. ಮುಂದಿನ ವಾರ, “ಒಂದನೇ ಭಾಗ ಯಾರ ಹತ್ರ ಐತೆ?” ಎಂದು ಮಕ್ಕಳೇ ಹುಡುಕತೊಡಗಿದರು. ಪ್ರತಿ ಕಥೆಯೂ ಸ್ವತಂತ್ರವಾದ್ದರಿಂದ ಯಾವ ಭಾಗದಿಂದ ಆರಂಭಿಸಿದರೂ ತೊಂದರೆಯಾಗಲಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ನನ್ನ ದಾಖಲೆ ಪುಸ್ತಕಕ್ಕೆ ಪುರಾವೆ ಬೇಕೆನಿಸಿತು. ಓದಿ ಮುಗಿಸಿದವರು ಒಂದು ಪುಟ ಸಾರಾಂಶ ಬರೆಯಬೇಕು, ಹೆಚ್ಚು ಓದಿದವರಿಗೆ ಪ್ರಾರ್ಥನಾ ಸಭೆಯಲ್ಲಿ ಪೆನ್ನು ಬಹುಮಾನ ಎಂದು ಘೋಷಿಸಿದೆ. ಮರುವಾರ ಒಬ್ಬಳು ಕೇಳಿದಳು: “ಯಾವ ಭಾಗ ಚಿಕ್ಕದು ಮಿಸ್?” ಇಬ್ಬರ ಸಾರಾಂಶ ಅಕ್ಷರಶಃ ಒಂದೇ ಆಗಿತ್ತು. ನಿಧಾನವಾಗಿ ಓದುವ ಹುಡುಗನೊಬ್ಬ ಎರಡು ವಾರದಿಂದ ಇಟ್ಟುಕೊಂಡಿದ್ದ ಪುಸ್ತಕವನ್ನು ಅರ್ಧಕ್ಕೇ ಹಿಂದಿರುಗಿಸಿದ. ಕಾರಣ ಕೇಳಿದೆ. “ಓದೋಕೆ ಚೆನ್ನಾಗೈತೆ ಮಿಸ್. ಬರೆಯೋಕೆ ಬರಲ್ಲ. ಪೆನ್ನು ನಂಗೆ ಸಿಗಲ್ಲ ಬಿಡಿ” ಎಂದ.

ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಅವರ 1973ರ ಪ್ರಯೋಗವನ್ನು ನಾನು ಪರೀಕ್ಷೆಗೆಂದು ಓದಿದ್ದೆ. ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ ಮೊದಲೇ ಬಹುಮಾನದ ಆಸೆ ತೋರಿಸಿದಾಗ, ಆಮೇಲೆ ಅವರಾಗಿಯೇ ಚಿತ್ರ ಬಿಡಿಸುವುದು ಕಡಿಮೆಯಾಯಿತು. ನನ್ನ ತರಗತಿಯಲ್ಲೂ ಅಂಥದ್ದೇ ಆಗುತ್ತಿದೆ ಎನಿಸಿತು. ಮುಂದಿನ ಅವಧಿಯಲ್ಲಿ ತಪ್ಪು ಒಪ್ಪಿಕೊಂಡು ಸಾರಾಂಶ, ಬಹುಮಾನ ಎರಡನ್ನೂ ರದ್ದುಪಡಿಸಿದೆ.

ಸರಣಿ ಏಕೆ ಎಳೆಯುತ್ತದೆ?

ಮಕ್ಕಳ ಮಾತಿನಿಂದ ಮೂರು ಕಾರಣಗಳು ಸ್ಪಷ್ಟವಾದವು. ಮೊದಲನೆಯದು ಪರಿಚಯ. ಹೊಸ ಪುಸ್ತಕದ ಮೊದಲ ಪುಟಗಳೇ ಕಷ್ಟ. ಸರಣಿಯ ಎರಡನೆಯ ಪುಸ್ತಕದಲ್ಲಿ ಕಾಡು, ಬೇಟೆಗಾರ, ಬರವಣಿಗೆಯ ಧಾಟಿ ಎಲ್ಲವೂ ಗೊತ್ತಿರುತ್ತವೆ. ಎರಡನೆಯದು ಧೈರ್ಯ. ಒಂದನ್ನು ಮುಗಿಸಿದವರಿಗೆ ಇನ್ನೊಂದನ್ನೂ ಮುಗಿಸಬಲ್ಲೆನೆಂಬ ನಂಬಿಕೆ ಬರುತ್ತದೆ. ಮೂರನೆಯದು ಜೊತೆ. ಗೆಳೆಯ ಓದಿದ್ದನ್ನು ತಾನೂ ಓದಿದರೆ ಮಾತಿಗೆ ಸೇರಬಹುದು. ಡೆಸಿ ಮತ್ತು ರಯಾನ್ ಹೇಳುವ ಸ್ವಾಯತ್ತತೆ, ಸಾಮರ್ಥ್ಯ, ಬಾಂಧವ್ಯ ಎಂಬ ಮೂರು ಅಗತ್ಯಗಳಲ್ಲಿ ಕೊನೆಯ ಎರಡನ್ನು ಸರಣಿ ತಾನೇ ಪೂರೈಸುತ್ತದೆ. ಸ್ವಾಯತ್ತತೆ ಶಿಕ್ಷಕರ ಕೈಯಲ್ಲಿದೆ. ನಾನು ಕಿತ್ತುಕೊಂಡದ್ದು ಅದನ್ನೇ.

ಎಲ್ಲರಿಗೂ ಒಂದೇ ಸರಣಿ ಹಿಡಿಸುವುದಿಲ್ಲ. ಪ್ರಾಣಿಗಳನ್ನು ಕೊಲ್ಲುವುದು ಬೇಡವೆಂದ ಇಬ್ಬರು ಹುಡುಗಿಯರು ‘ಭಾರತ ಭಾರತಿ’ ಮಾಲೆಯ ಕಿರುಪುಸ್ತಕಗಳನ್ನು ಆರಿಸಿಕೊಂಡರು. ಒಂದೊಂದರಲ್ಲಿ ಒಬ್ಬೊಬ್ಬರ ಜೀವನಕಥೆ. ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ ಎಂಬುದೇ ಅವರಿಗೆ ಹಿಡಿಸಿತು.

ಸಹ ಪ್ರಶಿಕ್ಷಣಾರ್ಥಿಗಳಿಗೆ

1. ಸರಣಿಯ ಭಾಗಗಳನ್ನು ಒಟ್ಟಿಗೆ, ಕಾಣುವಂತೆ ಇಡಿ.
2. ಸ್ವಲ್ಪ ಓದಿ ಹೇಳಿ ನಿಲ್ಲಿಸಿ. ಉಳಿದದ್ದನ್ನು ಅವರು ಓದಲಿ.
3. ಪುರಾವೆ ಬೇಕಿದ್ದರೆ ಪುಸ್ತಕ ಒಯ್ದವರ ವಹಿ ಸಾಕು. ಮಕ್ಕಳ ಮಾತಿಗೂ ಕಿವಿಗೊಡಿ.
4. ಬೇಡವೆಂದವರಿಗೆ ಬೇರೆ ಪುಸ್ತಕ ಕೊಡಿ. ಅರ್ಧಕ್ಕೆ ಬಿಟ್ಟರೆ ಗದರಬೇಡಿ.

ಆ ಹುಡುಗ ಮೂರನೆಯ ವಾರ ಮತ್ತೆ ಅದೇ ಪುಸ್ತಕ ಒಯ್ದ. ನನ್ನ ಅವಧಿ ಮುಗಿದ ದಿನವೂ ಅವನು ಅದನ್ನು ಮುಗಿಸಿರಲಿಲ್ಲ. ಅವಸರಪಡಿಸಲಿಲ್ಲ. ಎರಡನೆಯ ಭಾಗವನ್ನು ಅವನಿಗಾಗಿ ತೆಗೆದಿಡುವಂತೆ ಮಾರ್ಗದರ್ಶಕ ಶಿಕ್ಷಕರನ್ನು ಕೇಳಿಕೊಂಡು ಬಂದೆ.