ಹಳೆಯ ಕಾರಿಗೆ ಹೊಸ ಗೇರುಪೆಟ್ಟಿಗೆ

ಕಾರವಾರದಿಂದ ಅಂಕೋಲೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಅಲ್ಲಲ್ಲಿ ಗುಡ್ಡಗಳನ್ನು ದಾಟಿದರೂ ಬಹುಮಟ್ಟಿಗೆ ಕಡಲಿನ ಮಗ್ಗುಲಲ್ಲೇ ಸಾಗುತ್ತದೆ. ಅಂಕೋಲೆಯಿಂದ ಹುಬ್ಬಳ್ಳಿಯ ದಾರಿ ಹಿಡಿದವರಾದರೋ ಅರಬೈಲು ಘಟ್ಟವನ್ನೇರಿಯೇ ಯಲ್ಲಾಪುರವನ್ನು ಸೇರಬೇಕು. ಮೊದಲನೆಯ ದಾರಿಯಲ್ಲಿ ಕಾರಿಗೆ ಬೇಕಾದುದು ವೇಗ, ಎರಡನೆಯದರಲ್ಲಿ ಬಲ. ಇವೆರಡನ್ನೂ ಒಂದೇ ಎಂಜಿನಿನಿಂದ ದೊರಕಿಸಿಕೊಡುವ ಸಾಧನವೇ ಗೇರುಪೆಟ್ಟಿಗೆ.

ಇದರ ತತ್ತ್ವ ಸರಳವಾದುದು. 20 ಹಲ್ಲುಗಳ ಗಾಲಿಯು 60 ಹಲ್ಲುಗಳ ಗಾಲಿಯನ್ನು ತಿರುಗಿಸಿದಾಗ, ಎರಡನೆಯದರ ವೇಗ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ತಿರುಗುಬಲ ಮೂರು ಪಟ್ಟಾಗುತ್ತದೆ. ಇಲ್ಲಿ ಗೇರಿನ ಪ್ರಮಾಣ 3. ಶಕ್ತಿ ಹೆಚ್ಚುವುದಿಲ್ಲ, ಘರ್ಷಣೆಯಲ್ಲಿ ಕೊಂಚ ನಷ್ಟವೇ ಆಗುತ್ತದೆ.

ಹಳೆಯ ಕಾರಿಗೆ ಬೇರೊಂದು ಗೇರುಪೆಟ್ಟಿಗೆಯನ್ನು ಕೂಡಿಸಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ದೀರ್ಘಕಾಲ 1489 ಘನ ಸೆಂಟಿಮೀಟರಿನ ಬ್ರಿಟಿಷ್ ವಿನ್ಯಾಸದ ಎಂಜಿನು, ನಾಲ್ಕು ಗೇರುಗಳೊಡನೆ ಓಡಿದ ಅಂಬಾಸಿಡರ್ ಕಾರಿಗೆ, 1990ರ ದಶಕದ ಆರಂಭದಲ್ಲಿ ತಯಾರಕರೇ ಜಪಾನಿನ ಇಸುಜು ಎಂಜಿನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಅಳವಡಿಸಿದರು. ಆ ಹಳೆಯ ಎಂಜಿನಿನ ಬಳಗಕ್ಕೆ ಸೇರಿದುದೇ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕ್ರೀಡಾಕಾರಿನ ಎಂಜಿನು. ಹಳೆಯ ಕಾರುಗಳ ಅಭಿಮಾನಿಗಳಲ್ಲಿ ಹಲವರು ಇದರ ನಾಲ್ಕು ಗೇರಿನ ಪೆಟ್ಟಿಗೆಯನ್ನು ತೆಗೆದು, 1980ರ ದಶಕದ ಫೋರ್ಡ್ ಸಿಯೆರಾ ಕಾರಿನ ಐದು ಗೇರಿನ ಪೆಟ್ಟಿಗೆಯನ್ನು ಕೂಡಿಸುವುದುಂಟು.

ಲಾಭವೇನು? ಹಳೆಯ ಪೆಟ್ಟಿಗೆಯ ನಾಲ್ಕನೆಯ ಗೇರಿನ ಪ್ರಮಾಣ 1. ಹೊಸದರ ಐದನೆಯದು 0.82. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಎಂಜಿನು ನಿಮಿಷಕ್ಕೆ ಸುಮಾರು 2,780 ಸುತ್ತು ತಿರುಗುತ್ತಿದ್ದುದು 2,280ಕ್ಕೆ ಇಳಿಯುತ್ತದೆ. ಸದ್ದು ತಗ್ಗುತ್ತದೆ, ಎಂಜಿನಿನ ಸವೆತವೂ ತಗ್ಗುತ್ತದೆ. ಕಡಲ ದಾರಿಗೆ ಇದು ಒಪ್ಪುವಂಥದೇ.

ಆದರೆ ಘಟ್ಟದ ಲೆಕ್ಕ ಬೇರೆ. ಎಂ.ಜಿ.ಬಿ.ಯ ನಂತರದ ಮಾದರಿಗಳಲ್ಲಿ ಮೊದಲೆರಡು ಗೇರುಗಳ ಪ್ರಮಾಣ 3.44 ಮತ್ತು 2.17, ಫೋರ್ಡ್ ಪೆಟ್ಟಿಗೆಯಲ್ಲಿ 3.65 ಮತ್ತು 1.97. ಮೊದಲನೆಯ ಗೇರಿನಲ್ಲಿ ಎಂಜಿನು 4,000 ಸುತ್ತು ತಿರುಗುತ್ತಿರುವಾಗ ಎರಡನೆಯದಕ್ಕೆ ಬದಲಿಸಿದರೆ, ಹಳೆಯದರಲ್ಲಿ ಅದು ಸುಮಾರು 2,520ಕ್ಕೂ ಹೊಸದರಲ್ಲಿ 2,160ಕ್ಕೂ ಇಳಿಯುತ್ತದೆ. ತಿರುವನ್ನು ಮುಗಿಸಿ ಏರಬೇಕಾದ ಘಳಿಗೆಯಲ್ಲಿಯೇ ಎಂಜಿನು ಏದುಸಿರು ಬಿಡುವುದು ಇದರಿಂದ. ಐದನೆಯ ಗೇರನ್ನು ಮಾತ್ರ ನೋಡಿ ಪೆಟ್ಟಿಗೆಯನ್ನು ಕೊಳ್ಳುವವರು ಈ ಲೆಕ್ಕವನ್ನು ಮಾಡುವುದು ಅಪರೂಪ.

ಜೋಡಣೆಯೂ ನಾಲ್ಕು ಬೋಲ್ಟುಗಳ ಕೆಲಸವಲ್ಲ. ಎಂ.ಜಿ.ಬಿ.ಯಲ್ಲಿ ಪೆಟ್ಟಿಗೆಯನ್ನು ಹೊರತೆಗೆಯಬೇಕಾದರೆ ಎಂಜಿನನ್ನೂ ಎತ್ತಬೇಕು. ಹೊಸ ಪೆಟ್ಟಿಗೆಯ ಶಾಫ್ಟಿನ ಗೀರುಗಳಿಗೆ ಹೊಂದುವ ಕ್ಲಚ್ ಪ್ಲೇಟು ಬೇಕು. ಎಂಜಿನಿಗೂ ಪೆಟ್ಟಿಗೆಗೂ ನಡುವಣ ಗಂಟೆಯಾಕಾರದ ಕವಚವನ್ನು, ಎರಡರ ಅಕ್ಷಗಳೂ ಒಂದೇ ಗೆರೆಯಲ್ಲಿ ನಿಲ್ಲುವಂತೆ ಕೂಡಿಸಬೇಕು. ಗೆರೆ ತಪ್ಪಿದರೆ ಬೇರಿಂಗುಗಳು ಬೇಗನೆ ಸವೆಯುತ್ತವೆ. ಹಿಂದಿನ ಚಕ್ರಗಳಿಗೆ ಬಲವನ್ನೊಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಉದ್ದವೂ ಸರಿಹೊಂದಬೇಕು.

ವೇಗಮಾಪಕದ ವಿಷಯ ಸ್ವಾರಸ್ಯಕರವಾದುದು. ಅದು ಎಣಿಸುವುದು ಪೆಟ್ಟಿಗೆಯಿಂದ ಹೊರಬರುವ ಶಾಫ್ಟಿನ ಸುತ್ತುಗಳನ್ನು. ಆದುದರಿಂದ ಚಾಲಕನು ಯಾವ ಗೇರಿನಲ್ಲಿದ್ದರೂ ಒಂದೇ. ಆದರೆ ಮಾಪಕವನ್ನು ತಿರುಗಿಸುವ ಚಿಕ್ಕ ಹಲ್ಲುಗಾಲಿ ಹೊಸ ಪೆಟ್ಟಿಗೆಯಲ್ಲಿ ಬೇರೆಯಾಗಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಪರೀಕ್ಷೆ ಸುಲಭ: ಹೆದ್ದಾರಿಯ ಎರಡು ಕಿಲೋಮೀಟರು ಕಲ್ಲುಗಳ ನಡುವೆ ಮುಳ್ಳನ್ನು 60ರಲ್ಲಿ ಸ್ಥಿರವಾಗಿರಿಸಿ, ಪಕ್ಕದಲ್ಲಿ ಕುಳಿತವರು ಕಾಲವನ್ನು ಅಳೆಯಲಿ. ಸರಿಯಾಗಿ 60 ಸೆಕೆಂಡು ಆಗಬೇಕು. 54 ಸೆಕೆಂಡು ಆದರೆ ನಿಜವಾದ ವೇಗವೆಷ್ಟೆಂಬುದನ್ನು ವಿದ್ಯಾರ್ಥಿಗಳೇ ಲೆಕ್ಕಹಾಕಬಹುದು.

ಇನ್ನು ಇಳಿಜಾರು. ಘಟ್ಟವನ್ನು ಇಳಿಯುವಾಗ ಕಾರನ್ನು ಹಿಡಿದು ನಿಲ್ಲಿಸುವುದು ಬ್ರೇಕು ಮಾತ್ರವಲ್ಲ. ಕೆಳಗಿನ ಗೇರಿನಲ್ಲಿದ್ದರೆ, ಚಕ್ರಗಳೇ ಎಂಜಿನನ್ನು ತಿರುಗಿಸಬೇಕಾಗಿ ಬಂದು ವೇಗಕ್ಕೆ ತಡೆಯೊದಗುತ್ತದೆ. ಬ್ರೇಕನ್ನೇ ಒತ್ತಿ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳಬಹುದು. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ, ಎರಡನೆಯ ಗೇರಿನಲ್ಲಿ, ಹಳೆಯ ಪೆಟ್ಟಿಗೆಯೊಡನೆ ಎಂಜಿನು ಸುಮಾರು 2,260 ಸುತ್ತು ತಿರುಗುತ್ತದೆ. ಹೊಸದರೊಡನೆ 2,050 ಮಾತ್ರ, ತಡೆಯೂ ಅಷ್ಟು ಕಡಿಮೆ. ಮೊದಲನೆಯ ಗೇರಿಗಿಳಿದರೆ ಅದೇ ವೇಗದಲ್ಲಿ 3,800 ಸುತ್ತು. ಮಳೆಗಾಲದ ಅರಬೈಲಿನಲ್ಲಿ ಇಳಿಯುವವನಿಗೆ ಇವೆರಡರ ನಡುವೆ ಬೇರೆ ಗೇರಿಲ್ಲ.